ಕಾಳಿನಂಥ ಫೀಡ್ ತಿಂದ ಕೋಳಿಮರಿ ಬೇಗ ಬೆಳೆಯುವುದು ಹಾರ್ಮೋನ್‌ನಿಂದಲೇ?

‘ಹಿಟ್ಟಿನಂಥ ಫೀಡ್ ತಿಂದ ಮರಿ ನಿಧಾನ ಬೆಳೆಯುತ್ತೆ, ಕಾಳಿನಂಥದ್ದು ತಿಂದ ಮರಿ ದಿಢೀರ್ ಅಂತ ದಪ್ಪ ಆಗುತ್ತೆ. ಅದರಲ್ಲಿ ಹಾರ್ಮೋನ್ ಇದೆ!’

ಬ್ರಾಯ್ಲರ್ ಕೋಳಿಯ ಬಗ್ಗೆ ಇಂಥ ಮಾತು ನೀವೂ ಕೇಳಿರಬಹುದು. ಇದರಲ್ಲಿ ಮೊದಲ ಭಾಗ ಬಹುಮಟ್ಟಿಗೆ ನಿಜ. ಕೊನೆಯ ಮಾತು ತಪ್ಪು.

ಸಾಮಗ್ರಿ ಒಂದೇ, ರೂಪ ಬೇರೆ

ಬ್ರಾಯ್ಲರ್ ಫೀಡ್‌ನಲ್ಲಿ ಮುಖ್ಯವಾಗಿ ಇರುವುದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಜೊತೆಗೆ ಖನಿಜ, ವಿಟಮಿನ್. ಇವನ್ನು ಪುಡಿ ಮಾಡಿ ಬೆರೆಸಿದರೆ ಮ್ಯಾಶ್. ಅದೇ ಪುಡಿಗೆ ಬಿಸಿ ಹಬೆ ಹಾಯಿಸಿ, ಶಾವಿಗೆ ಒತ್ತಿದ ಹಾಗೆ ಅಚ್ಚಿನಲ್ಲಿ ಒತ್ತಿ ತುಂಡರಿಸಿದರೆ ಪೆಲೆಟ್. ಪೆಲೆಟ್ಟನ್ನು ನುಚ್ಚಿನಷ್ಟು ಸಣ್ಣಗೆ ಒಡೆದರೆ ಕ್ರಂಬಲ್.

ಮರಿ ಕಣ್ಣಿನಿಂದ ಆರಿಸುತ್ತದೆ

ಕೋಳಿಗೆ ಹಲ್ಲಿಲ್ಲ. ನಾಲಿಗೆಯ ರುಚಿಮೊಗ್ಗುಗಳೂ ನಮಗಿಂತ ತೀರಾ ಕಡಿಮೆ. ಹಾಗಾಗಿ ಅದು ಆಹಾರವನ್ನು ಹೆಚ್ಚಾಗಿ ಕಣ್ಣಿನಿಂದ ನೋಡಿ, ಕೊಕ್ಕಿನಿಂದ ಮುಟ್ಟಿ ಆರಿಸುತ್ತದೆ. ತಿಪ್ಪೆ ಕೆದಕುವ ನಾಟಿಕೋಳಿಯ ಮರಿಗಳನ್ನು ಗಮನಿಸಿ. ಮಣ್ಣಿನ ನಡುವೆ ಗೆದ್ದಲು, ನುಚ್ಚು, ಕಾಳು ಹೀಗೆ ಕೊಕ್ಕಿಗೆ ಸಿಗುವಂಥದ್ದನ್ನೇ ಹೆಕ್ಕುತ್ತವೆ.

ನುಣ್ಣನೆಯ ಪುಡಿ ಕೊಕ್ಕಿಗೆ ಸರಿಯಾಗಿ ಸಿಗುವುದಿಲ್ಲ. ಅಂಟಿಕೊಂಡದ್ದು ನೀರಿನ ಪಾತ್ರೆ ಸೇರುತ್ತದೆ. ಮರಿ ದಪ್ಪ ಚೂರುಗಳನ್ನು ಮೊದಲು ತಿಂದು, ಖನಿಜ–ವಿಟಮಿನ್ ಸೇರಿರುವ ಪುಡಿಯನ್ನು ಉಳಿಸುವುದೂ ಉಂಟು. ಕ್ರಂಬಲ್‌ನಲ್ಲಿ ಈ ಆಯ್ಕೆಗೆ ಅವಕಾಶ ಕಡಿಮೆ. ಒಂದೊಂದು ತುಣುಕಿನಲ್ಲೂ ಎಲ್ಲವೂ ಇರುತ್ತದೆ.

ಸಮಯದ ಲೆಕ್ಕವೂ ಇದೆ. 1962ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮ್ಯಾಶ್ ತಿನ್ನುವ ಮರಿಗಳು ಹಗಲಿನ ಸುಮಾರು ಶೇ 14ರಷ್ಟು ಹೊತ್ತನ್ನು ತಿನ್ನುವುದರಲ್ಲೇ ಕಳೆದವು. ಪೆಲೆಟ್ ತಿಂದವುಗಳಿಗೆ ಸುಮಾರು ಶೇ 5 ಸಾಕಾಯಿತು. ಹೀಗೆ ಉಳಿದ ಶಕ್ತಿ ಮೈಗೆ ಹತ್ತುತ್ತದೆ.

ಹಾರ್ಮೋನ್ ಯಾಕಲ್ಲ?

ಬೆಳವಣಿಗೆಯ ಹಾರ್ಮೋನ್ ಒಂದು ಪ್ರೊಟೀನ್. ಫೀಡ್‌ಗೆ ಬೆರೆಸಿದರೆ ಸೋಯಾದ ಪ್ರೊಟೀನ್‌ನಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸಾವಿರಾರು ಕೋಳಿಗಳಿಗೆ ಮತ್ತೆ ಮತ್ತೆ ಸೂಜಿ ಚುಚ್ಚುವುದಂತೂ ಯಾವ ಸಾಕಣೆದಾರನಿಗೂ ಗಿಟ್ಟುವುದಿಲ್ಲ.

ವೇಗದ ದೊಡ್ಡ ಕಾರಣ ತಳಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ ಮತ್ತು 2005ರ ತಳಿಗೆ ಒಂದೇ ಫೀಡ್ ಕೊಟ್ಟು ಬೆಳೆಸಿದರು. 56ನೇ ದಿನ ಹಳೆಯದು ಸುಮಾರು 900 ಗ್ರಾಂ, ಹೊಸದು 4.2 ಕೆ.ಜಿ. ತೂಗಿತು. ಮರಿ ಎಷ್ಟು ಬೆಳೆಯಬಲ್ಲದು ಎಂಬುದನ್ನು ತಳಿ ನಿರ್ಧರಿಸುತ್ತದೆ. ಅಷ್ಟು ಬೆಳೆಯಲು ಫೀಡ್‌ನ ರೂಪ ನೆರವಾಗುತ್ತದೆ.

ಆ್ಯಂಟಿಬಯಾಟಿಕ್‌ನ ಮಾತೇ ಬೇರೆ. ಕೋಳಿ ಸಾಕಣೆಯಲ್ಲಿ ಅದರ ಅತಿಬಳಕೆ ನಿಜವಾದ ಸಮಸ್ಯೆ. ಇದೇ ಕಾರಣಕ್ಕೆ 2019ರಲ್ಲಿ ಕೇಂದ್ರ ಸರ್ಕಾರ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಹಾರ್ಮೋನ್ ಎಂಬ ಇಲ್ಲದ ಗುಮ್ಮನ ಗದ್ದಲದಲ್ಲಿ ಈ ಇರುವ ಸಮಸ್ಯೆ ಮರೆಯಾಗುತ್ತದೆ.

ಮರಿ ಸಾಕುವವರು ಗಮನಿಸಿ

• ಹುಟ್ಟಿದಾಗ ಸುಮಾರು 40 ಗ್ರಾಂ ಇರುವ ಬ್ರಾಯ್ಲರ್ ಮರಿ ಒಂದು ವಾರಕ್ಕೆ ಅದರ ನಾಲ್ಕು ಪಟ್ಟಾದರೂ ತೂಗಬೇಕು. ವದಂತಿ ನಂಬಿ ಕ್ರಂಬಲ್ ಬಿಟ್ಟು ನುಣ್ಣನೆಯ ಪುಡಿ ಹಾಕಿದರೆ ಈ ವಾರವೇ ಹಿನ್ನಡೆ.
• ಎಳೆ ಮರಿಗೆ ಇಡೀ ಪೆಲೆಟ್ ದೊಡ್ಡದಾಗುತ್ತದೆ. ಮೊದಲು ಕ್ರಂಬಲ್, ಬೆಳೆದ ಮೇಲೆ ಪೆಲೆಟ್ ಕೊಡಿ.
• ಚೀಲದ ತಳದಲ್ಲಿ ಪುಡಿಯೇ ಹೆಚ್ಚಿದ್ದರೆ ಪೆಲೆಟ್‌ಗೆ ಕೊಟ್ಟ ಹಣದ ಲಾಭ ಸಿಗುವುದಿಲ್ಲ. ಮಾರಿದವರನ್ನು ಕೇಳಿ.
• ಹಳದಿ ಬಣ್ಣ ನೋಡಿ ಪೌಷ್ಟಿಕ ಅಂದುಕೊಳ್ಳಬೇಡಿ, ಚೀಲದ ಮೇಲಿನ ಪ್ರೊಟೀನ್ ಪ್ರಮಾಣ ಓದಿ. ಬೂಷ್ಟು ಹಿಡಿದ ಫೀಡ್ ಹಾಕಲೇಬೇಡಿ.

ತೀರ್ಮಾನ: ಕಾಳಿನಂಥ ಫೀಡ್‌ನಿಂದ ಮರಿ ಬೇಗ ಬೆಳೆಯುತ್ತದೆ ಎಂಬುದು ನಿಜ. ಅದಕ್ಕೆ ಹಾರ್ಮೋನ್ ಕಾರಣ ಎಂಬುದು ಸುಳ್ಳು. ಇಂಥ ಸಂದೇಶ ನಿಮ್ಮ ಗುಂಪಿಗೂ ಬಂದರೆ ಮುಂದಕ್ಕೆ ಕಳಿಸಬೇಡಿ.