ನಾಯಿಮರಿಗೆ ಹೊರಗಿನ ರೂಢಿ

ಹೊಲ, ಕಣ ಕಾಯಲೆಂದು ನಾಯಿಮರಿ ತರುವ ರೈತರು ಅಕ್ಕಲಕೋಟೆ, ಸೊಲ್ಲಾಪುರದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಬಹಳ. ಮರಿ ಪಡಸಾಲೆಯಲ್ಲಿ ಹೊಲಸು ಮಾಡಿತೆಂದು ಅದರ ಮೂತಿಯನ್ನು ಅದರಲ್ಲಿಯೇ ತಿಕ್ಕಿ ಬಡಿಯುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಇದರಿಂದ ಮರಿ ಕಲಿಯುವುದು ಇಷ್ಟೇ: ಯಜಮಾನನ ಕಣ್ಣು ತಪ್ಪಿಸಿ ಜೋಳದ ಚೀಲದ ಹಿಂದೆ ಹೋಗುವುದು.

ಮುಧೋಳದ ಮರಿಯಾಗಲಿ, ಓಣಿಯ ಮರಿಯಾಗಲಿ, ಎರಡು ತಿಂಗಳಿನದು ಎರಡು ಮೂರು ತಾಸಿಗಿಂತ ಹೆಚ್ಚು ತಡೆಯಲಾರದು. ನಿದ್ದೆಯಿಂದ ಎದ್ದೊಡನೆ, ಉಂಡ ಸ್ವಲ್ಪ ಹೊತ್ತಿಗೆ, ಆಡಿ ದಣಿದಾಗ ಅದನ್ನು ಹಿತ್ತಲಿನ ಒಂದೇ ಮೂಲೆಗೆ ಒಯ್ಯಿರಿ. ಕೆಲಸ ಮುಗಿಸಿದ ಕೂಡಲೇ ಅಲ್ಲಿಯೇ ರೊಟ್ಟಿಯ ಚೂರು ಕೊಡಿರಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಏತಕ್ಕೆಂದು ಅದಕ್ಕೆ ತಿಳಿಯದು. ಒಳಗೆ ಹೊಲಸಾದರೆ ಮಣ್ಣಿನ ನೆಲದ ಮೇಲ್ಪದರವನ್ನು ಕೆರೆದು ತೆಗೆದು, ಹೊಸ ಮಣ್ಣು ಹಾಕಿ ಸಾರಿಸಿರಿ. ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ.

ಮರಿಗಳಿಗೆ ತಾಯಿಯಿಂದಲೇ ದುಂಡುಹುಳುಗಳು ಬರುತ್ತವೆ. ಮಲದಲ್ಲಿಯ ಅವುಗಳ ತತ್ತಿ ಮಣ್ಣಿನಲ್ಲಿ ಕೆಲವು ವಾರ ಬಲಿತು, ಅಲ್ಲಿ ಆಡುವ ಕೂಸಿನ ಕೈಯಿಂದ ಬಾಯಿಗೆ ಸೇರಿದರೆ ಒಮ್ಮೊಮ್ಮೆ ಕಣ್ಣಿಗೇ ಕುತ್ತು. ಆದ್ದರಿಂದ ಆ ಮೂಲೆಯ ಹೊಲಸನ್ನು ದಿನಾಲು ಸಲಿಕೆಯಿಂದ ಎತ್ತಿ ಆಳವಾಗಿ ಹೂಳಿರಿ. ಕಾಯಿಪಲ್ಲೆಯ ಮಡಿಗೆ ಹಾಕಬೇಡಿರಿ. ದನದ ದವಾಖಾನೆಯಲ್ಲಿ ಜಂತಿನ ಔಷಧ ಕೊಡಿಸಿರಿ. ಮೂರು ತಿಂಗಳು ತುಂಬಿದೊಡನೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಹಾಕಿಸಿರಿ.