ಮಸಿಯ ಚಿತ್ರ, ಕಲ್ಲಿನ ಚಿತ್ರ

ಸೈನಿಕರಿಗೂ ಊರಿನವರಿಗೂ ಇರುವ ಸ್ನೇಹವನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಚೀನಾ ದೇಶದವರು ಮಸಿಯಲ್ಲಿ ತೋರಿಸಿದರು. ನಮ್ಮ ಹಿರಿಯರು ಕಲ್ಲಿನಲ್ಲಿ ತೋರಿಸಿದರು. ಎರಡರ ಬಗ್ಗೆಯೂ ನನಗೆ ತಿಳಿದಷ್ಟು ಬರೆಯುತ್ತೇನೆ.

ಚೀನಾದ ಮಸಿ ಅಂದರೆ ನಮ್ಮ ಪೆನ್ನಿನ ಶಾಯಿ ಅಲ್ಲ. ಪೈನ್ ಮರದ ಕಟ್ಟಿಗೆ ಅಥವಾ ಎಣ್ಣೆ ಉರಿಸಿದಾಗ ಬರುವ ಮಸಿಯನ್ನು ಅಂಟಿನ ಜೊತೆ ಕಲಸಿ, ಒಣಗಿಸಿ, ಗಟ್ಟಿ ಕಡ್ಡಿ ಮಾಡುತ್ತಾರೆ. ಬೇಕಾದಾಗ ಕಲ್ಲಿನ ಮೇಲೆ ನೀರು ಹಾಕಿ, ನಾವು ಗಂಧ ತೇಯುತ್ತೇವಲ್ಲ, ಹಾಗೆ ತೇಯುತ್ತಾರೆ. ನೀರು ಕಡಿಮೆಯಾದರೆ ಕಡುಕಪ್ಪು, ಹೆಚ್ಚಾದರೆ ಬೆಳಗಿನ ಮಂಜಿನ ಬಣ್ಣ. ಕಾಗದ ಮಸಿಯನ್ನು ಕೂಡಲೇ ಹೀರಿಕೊಳ್ಳುತ್ತದೆ. ರಬ್ಬರ್ ಹಾಕಿ ಅಳಿಸುವ ಮಾತೇ ಇಲ್ಲ!

1949ರಲ್ಲಿ ಅಲ್ಲಿ ಹೊಸ ಸರಕಾರ ಬಂತು. ಬೆಟ್ಟ, ಬಿದಿರು, ಹಕ್ಕಿಗಳನ್ನು ಬರೆಯುತ್ತಿದ್ದ ಕುಂಚದಲ್ಲೇ ಸೈನಿಕರನ್ನೂ ರೈತರನ್ನೂ ಬರೆಯಿಸಿದರು. ಸೈನಿಕ ಹಳ್ಳಿಯ ಮನೆಗೆ ನೀರು ಹೊತ್ತು ತರುವುದು, ಹೆಂಗಸರು ಅವನ ಬಟ್ಟೆ ಹೊಲಿದುಕೊಡುವುದು, ಹೀಗೆಲ್ಲ. ಸೈನ್ಯ ಮೀನು, ಜನ ನೀರು ಎಂಬ ಮಾತು ಅಲ್ಲಿ ರೂಢಿ. ಗಂಗೊಳ್ಳಿ, ಮರವಂತೆ ಕಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ನೀರಿಲ್ಲದೆ ಮೀನು ಬದುಕುತ್ತಾ? ಆದರೆ ಒಂದು ನೆನಪಿರಲಿ. ಇವು ಸರಕಾರ ಬಯಸಿದ ಚಿತ್ರಗಳು. ಸೈನಿಕ ಹೇಗಿರಬೇಕು ಅಂತ ಹೇಳುತ್ತವೆ. ಎಲ್ಲ ಸೈನಿಕರೂ ಹಾಗೇ ಇದ್ದರು ಅನ್ನುವುದಕ್ಕೆ ಚಿತ್ರ ಸಾಕ್ಷಿ ಆಗುವುದಿಲ್ಲ.

ಇನ್ನು ನಮ್ಮ ವೀರಗಲ್ಲು. ಬ್ರಹ್ಮಾವರದ ಹತ್ತಿರ ಬಾರ್ಕೂರಿನಲ್ಲಿ ಇವೆ. ಬಾರ್ಕೂರು ಆಳುಪರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲೂ ದೊಡ್ಡ ಪಟ್ಟಣ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಮೂರು ಅಂಕಣ ಇರುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಎದುರು ಕುಳಿತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರೂ ಇರಲಿ ಅಂತ ಅರ್ಥ.

ಕರ್ನಾಟಕದ ಎಷ್ಟೋ ವೀರಗಲ್ಲುಗಳು ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರದ್ದು. ಅಂಥ ಕಾಳಗಕ್ಕೆ ತುರುಗೊಳ್ ಎಂದು ಹೆಸರು. ಸತ್ತವನ ಮನೆಯವರಿಗೆ ಭೂಮಿ ಕೊಟ್ಟದ್ದೂ ಶಾಸನಗಳಲ್ಲಿದೆ. ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ನೆತ್ತರಿಗಾಗಿ ಕೊಟ್ಟ ಕೊಡುಗೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ಕಲ್ಲಿನಿಂದ ಹೆಸರು ಉಳಿಯಿತು. ಭೂಮಿಯಿಂದ ಅವನ ಹೆಂಡತಿ ಮಕ್ಕಳು ಉಂಡರು. ಕಾದವನ ಮನೆಯವರನ್ನು ಕಾಯುವುದೂ ಸ್ನೇಹವೇ ತಾನೆ?

ಗದ್ದೆಯ ಅಂಚಿನಲ್ಲೋ ದೇವಸ್ಥಾನದ ಹಿಂದೆಯೋ ಇಂಥ ಕಲ್ಲು ಕಂಡರೆ ಅದರ ಮೇಲೆ ಕತ್ತಿ ಮಸೆಯಬೇಡಿ, ಬಟ್ಟೆ ಒಗೆಯಬೇಡಿ. ಅಕ್ಷರ ಇದ್ದರೆ ಸಮಾಜ ಪಾಠದ ಮೇಷ್ಟ್ರಿಗೆ ಹೇಳಿ. ತಿಕ್ಕಿ ತಿಕ್ಕಿ ಕಲ್ಲಿನ ಅಕ್ಷರವೂ ಸವೆಯುತ್ತದೆ. ಸವೆದ ಮೇಲೆ ಅವನು ಯಾರು ಅಂತ ಕೇಳಲು ನಮಗೆ ಬೇರೆ ಯಾರೂ ಇಲ್ಲ.