ಶಾಲೆಯ ನೆರೆಹೊರೆ ಮತ್ತು ಮಕ್ಕಳ ಹೃದಯ

ಮಗುವಿನ ಆರೋಗ್ಯಕ್ಕೆ ಮನೆಯೂ ಶಾಲೆಯೂ ಹೊಣೆಯೆಂಬುದು ಶಿಕ್ಷಕ ಬಾಂಧವರಿಗೆಲ್ಲ ವಿದಿತವೇ ಇದೆ. ಇವೆರಡರ ನಡುವೆ ಶಾಲೆಯ ಸುತ್ತಲಿನ ಓಣಿಯೊಂದು ಇರುತ್ತದೆ. ಅಲ್ಲಿಯ ವಸತಿ, ಅಂಗಡಿ, ಬಯಲು, ಸದ್ದು ಇವು ಮಗುವಿನ ಹೃದಯವನ್ನು ಹೇಗೆ ಮುಟ್ಟುತ್ತವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಇಚಲಕರಂಜಿಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. 1904ರಲ್ಲಿ ವಿಠ್ಠಲರಾವ ದಾತಾರರು ಇಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದರು. ಜಹಗೀರದಾರರಾದ ಶ್ರೀಮಂತ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ಉದ್ಯಮವು ಬೆಳೆದು, ಪಂಚಗಂಗೆಯ ಈ ಊರು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎನಿಸಿತು. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಮಗ್ಗಗಳು ವಸತಿಯ ಓಣಿಗಳನ್ನೂ ಹೊಕ್ಕವು. ಮಗ್ಗದ ಮನೆ, ಕೂಲಿಕಾರರ ಖೋಲಿ, ಮಕ್ಕಳ ಶಾಲೆ ಒಂದರ ನೆರೆಗೊಂದು ನಿಂತವು.

ಇಕ್ಕಟ್ಟಿನ ವಸತಿಯೇ ಮೊದಲನೆಯ ಸಂಗತಿ. ಒಂದೇ ಖೋಲಿಯಲ್ಲಿ ಹಲವರು ಮಲಗುವಲ್ಲಿ ಗಂಟಲುಬೇನೆ ಬೇಗ ಹಬ್ಬುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಜೀವಾಣುವಿನಿಂದಾದ ಬೇನೆಗೆ ತಕ್ಕ ಔಷಧ ದೊರೆಯದಿದ್ದರೆ, ಕೆಲವು ಮಕ್ಕಳಿಗೆ ಎರಡು-ಮೂರು ವಾರಗಳ ತರುವಾಯ ಜ್ವರ ಬಂದು ಸಂದುಗಳು ಒಂದಾದ ಮೇಲೊಂದು ಬಾತು ನೋಯುತ್ತವೆ. ಇದು ರುಮಾಟಿಕ್ ಜ್ವರ. 5ರಿಂದ 15 ವರ್ಷದವರಲ್ಲಿಯೇ, ಅಂದರೆ ನಮ್ಮ ವರ್ಗಗಳಲ್ಲಿ ಕೂಡ್ರುವವರಲ್ಲಿಯೇ, ಇದು ಹೆಚ್ಚು. ಸಂದುಗಳ ನೋವು ಇಳಿದುಹೋಗುವದು. ಹೃದಯದ ಕವಾಟಕ್ಕಾದ ಪೆಟ್ಟು ಉಳಿಯಬಹುದು. ಜ್ವರ ಮರುಕಳಿಸಿದಂತೆ ಕವಾಟವು ಇನ್ನಷ್ಟು ಕೆಡುವದು. ಆದುದರಿಂದ ಒಮ್ಮೆ ಈ ಜ್ವರ ಬಂದ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುತ್ತಾರೆ. ಕೆಲಸವನ್ನರಸಿ ಊರು ಬದಲಿಸುವ ಕುಟುಂಬಗಳಲ್ಲಿ ಇದು ನಡುವೆ ತಪ್ಪುವ ಭಯವುಂಟು.

ಎರಡನೆಯದು ಅಂಗಡಿ. ಕರಿದ ತಿನಿಸು, ಉಪ್ಪು-ಸಕ್ಕರೆಗಳು ವಿಪರೀತವಾದ ಪೊಟ್ಟಣಗಳು, ತಂಬಾಕು ಇವು ಶಾಲೆಯ ಬಾಗಿಲಲ್ಲೇ ದೊರೆತರೆ ರೂಢಿಯೂ ಅಲ್ಲಿಯೇ ಬೀಳುತ್ತದೆ. ಅಮೇರಿಕೆಯ ಬೊಗಲೂಸಾ ಎಂಬ ಊರಿನಲ್ಲಿ 1973ರಲ್ಲಿ ಆರಂಭವಾದ ಸಂಶೋಧನೆಯು, ದೊಡ್ಡವರ ಹೃದಯರೋಗದ ಬೀಜ ಬಾಲ್ಯದಲ್ಲಿಯೇ ಬೀಳುವದೆಂದು ತೋರಿಸಿತು. 2003ರ ಕಾಯದೆಯಂತೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಕೂಡದು. 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಮಕ್ಕಳಿಗೆ ಮಾರಕೂಡದು.

ಮೂರನೆಯದು ಬಯಲು. ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಲ್ಲಿ ಹೃದಯರೋಗ ಕಡಿಮೆಯೆಂದು ಜೆರಿ ಮಾರಿಸರು 1953ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ದಿನಕ್ಕೆ 60 ನಿಮಿಷಗಳ ಚುರುಕಾದ ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ತಾಲೀಮಿಗೂ ಕುಸ್ತಿಗೂ ಹೆಸರಾದ ಕೊಲ್ಲಾಪುರ ಸೀಮೆಗೆ ಇದು ಹೊಸ ಮಾತಲ್ಲ. ಆದರೆ ಬಯಲಿಲ್ಲದ, ವಾಹನಗಳು ತುಂಬಿದ ಓಣಿಯಲ್ಲಿ ಮಗು ಎಲ್ಲಿ ಓಡಬೇಕು?

ಇನ್ನು ಸದ್ದು. ಬಹುಕಾಲದ ಗದ್ದಲವು ನಿದ್ರೆಯನ್ನು ಕೆಡಿಸುವದು, ರಕ್ತದೊತ್ತಡವನ್ನೂ ಏರಿಸಬಲ್ಲುದು. 2000ದ ನಿಯಮಗಳು ಶಾಲೆಯ ಸುತ್ತ 100 ಮೀಟರು ನಿಶ್ಶಬ್ದ ವಲಯವಾಗಲೆಂದು ಅವಕಾಶ ಮಾಡಿಕೊಟ್ಟಿವೆ.

ಮಗ್ಗವು ಅನ್ನ ಕೊಟ್ಟಿದೆ. ಅದನ್ನು ಹಳಿದು ಫಲವಿಲ್ಲ. ನಮ್ಮಿಂದ ಆಗುವ ಕೆಲಸ ಬೇರೆ ಇದೆ. ಭೂಗೋಲದ ಪಾಠದಲ್ಲಿ ಮಕ್ಕಳಿಂದಲೇ ಶಾಲೆಯ ಸುತ್ತಣ ನೂರು ಮೀಟರಿನ ನಕಾಶೆ ಬರೆಯಿಸಿ, ಅಂಗಡಿ, ಬಯಲು, ಗಟಾರು, ಮಗ್ಗಗಳನ್ನು ಗುರುತಿಸೋಣ. ಆ ನಕಾಶೆಯನ್ನು ಪಾಲಕರ ಸಭೆಯಲ್ಲಿಡೋಣ. ಅಂಗಡಿಕಾರನೂ ಒಬ್ಬ ಪಾಲಕನೇ ಇದ್ದಾನು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗ, ಓಡಿದರೆ ಏದುವ, ಸಂದುನೋವೆಂದು ಮೇಲಿಂದ ಮೇಲೆ ಗೈರುಹಾಜರಾಗುವ ಮಗುವನ್ನು ಮೊದಲು ಮುಂದೆ ನಿಲ್ಲಿಸೋಣ. ಹಾಜರಿಪಟವನ್ನು ದಿನವೂ ಹಿಡಿಯುವವರು ನಾವು. ಗೈರುಹಾಜರಿಯ ಕಾರಣವನ್ನು ಸಕಾಲದಲ್ಲಿ ಕೇಳಿದರೆ ಒಂದು ಎಳೆಯ ಹೃದಯ ಉಳಿದೀತು.